ಒಂದೇ ಸೆಟ್ಟಿಂಗ್, ಎರಡು ಸದ್ದು: ಈಕ್ವಲೈಜರ್ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮನೆಯಲ್ಲೇ ತತ್ವಪದ ರೆಕಾರ್ಡ್ ಮಾಡುತ್ತೇನೆ. ತಾಳದ ಸದ್ದು ಎದ್ದು ಕೇಳಲಿ ಅಂತ 16 ಕಿಲೋಹರ್ಟ್ಸ್‌ನಲ್ಲಿ 6 ಡೆಸಿಬಲ್ ಏರಿಸಿದೆ, ಕ್ಯೂ (ಏರಿಕೆಯ ಅಗಲ ಹೇಳುವ ಅಂಕಿ, ಕಡಿಮೆಯಾದಷ್ಟೂ ಅಗಲ ಜಾಸ್ತಿ) 0.7. ಸಾಫ್ಟ್‌ವೇರ್ ಜೊತೆ ಬಂದ ಈಕ್ವಲೈಜರ್‌ನಲ್ಲಿ (ಬೇಕಾದ ಫ್ರೀಕ್ವೆನ್ಸಿಯನ್ನು ಏರಿಸಿ ಇಳಿಸುವ ಸಾಧನ) ಮಂಕಾಗಿದೆ. ಗೆಳೆಯ ದುಡ್ಡು ಕೊಟ್ಟು ತಂದ ಪ್ಲಗಿನ್‌ನಲ್ಲಿ (ಸಾಫ್ಟ್‌ವೇರ್‌ಗೆ ಸೇರಿಸಿಕೊಳ್ಳುವ ಇನ್ನೊಂದು ಈಕ್ವಲೈಜರ್) ಅದೇ ಸೆಟ್ಟಿಂಗ್ ಚೆನ್ನಾಗಿ ಕೇಳುತ್ತದೆ. ‘ಅದರಲ್ಲಿ ಅನಲಾಗ್ ಗುಣ ಇದೆ’ ಅನ್ನುತ್ತಾನೆ. ನಿಜವೇ? (ಕೊಪ್ಪಳ)

ಉತ್ತರ: ‘ಅನಲಾಗ್ ಗುಣ’ ಅನ್ನೋ ಮಾತು ಕೇಳಿ ಕೇಳಿ ಸಾಕಾಗಿದೆ. ಇದು ಗುಣವಲ್ಲ, ಲೆಕ್ಕ.

ಎಷ್ಟೋ ಡಿಜಿಟಲ್ ಈಕ್ವಲೈಜರ್‌ಗಳು ಹಳೆಯ ಅನಲಾಗ್ ಸೂತ್ರವನ್ನೇ ಬೈಲೀನಿಯರ್ ಅನ್ನೋ ಗಣಿತದ ವಿಧಾನದಲ್ಲಿ ಬದಲಿಸಿಕೊಂಡಿರುತ್ತವೆ. ಅನಲಾಗ್‌ನಲ್ಲಿ ಕೊನೆಯಿಲ್ಲದೆ ಹೋಗುವ ಫ್ರೀಕ್ವೆನ್ಸಿಯನ್ನೆಲ್ಲ ಇಲ್ಲಿ ಸ್ಯಾಂಪಲ್ ರೇಟಿನ (ಸೆಕೆಂಡಿಗೆ ಸದ್ದನ್ನು ಎಷ್ಟು ಸಲ ಅಳೆಯುತ್ತದೆ ಅನ್ನೋದು) ಅರ್ಧದೊಳಗೆ ತುರುಕಬೇಕು. ನಿಮ್ಮದು 44.1 ಕಿಲೋಹರ್ಟ್ಸ್ ಅಂತ ಇಟ್ಟುಕೊಳ್ಳೋಣ. ಆಗ ಗಡಿ 22.05 ಕಿಲೋಹರ್ಟ್ಸ್, ಅಲ್ಲಿಗೆ ಬರುವಷ್ಟರಲ್ಲಿ ಏರಿಸಿದ್ದೆಲ್ಲ ಸೊನ್ನೆಗೆ ಇಳಿಯಲೇಬೇಕು. ನಡುವಿನ 16ರಲ್ಲಿ 6 ಡೆಸಿಬಲ್ ಸರಿಯಾಗೇ ಸಿಗುತ್ತದೆ. ಆದರೆ ಏರಿಕೆಯ ಗುಡ್ಡದ ಎರಡೂ ಬದಿ ಕಿರಿದಾಗುತ್ತದೆ.

ನಿಮ್ಮ ಸೆಟ್ಟಿಂಗನ್ನೇ ಲೆಕ್ಕ ಹಾಕಿದೆ. 20 ಕಿಲೋಹರ್ಟ್ಸ್‌ನಲ್ಲಿ ಅನಲಾಗ್ ಸೂತ್ರ 5.4 ಡೆಸಿಬಲ್ ಕೊಡುತ್ತದೆ, ಸಾದಾ ಡಿಜಿಟಲ್ 1.3. ಎಲ್ಲರೂ ಇದನ್ನೇ ತೋರಿಸಿ ಹೆದರಿಸುತ್ತಾರೆ. ನಡುವಯಸ್ಸು ದಾಟಿದ ಎಷ್ಟು ಕಿವಿಗೆ 20 ಕೇಳುತ್ತದೆ ಹೇಳಿ! ನೋಡಬೇಕಾದ್ದು 10 ಕಿಲೋಹರ್ಟ್ಸ್. ಅಲ್ಲಿ ಅನಲಾಗ್ 4.1, ಸಾದಾ ಡಿಜಿಟಲ್ 1.9. ತಾಳದ ಹೊಳಪು ಜಾಸ್ತಿ ಕೇಳೋದು ಈ ಜಾಗದಲ್ಲೇ. ಮಂಕು ಅಂತ ನಿಮಗೆ ಅನ್ನಿಸಿದ್ದು ಸುಮ್ನೆ ಅಲ್ಲ.

ಗೆಳೆಯನ ಪ್ಲಗಿನ್ ಬಹುಶಃ ಒಳಗೊಳಗೇ ಓವರ್‌ಸ್ಯಾಂಪ್ಲಿಂಗ್ (ಸ್ಯಾಂಪಲ್ ರೇಟ್ ಏರಿಸಿಕೊಂಡು ಲೆಕ್ಕ ಹಾಕೋದು) ಮಾಡುತ್ತದೆ, ಇಲ್ಲವೇ ಗಡಿಯಲ್ಲೂ ಬೇಕಾದ ಗೇನ್ (ಏರಿಕೆ) ಉಳಿಸುವ ಸೂತ್ರ ಬಳಸುತ್ತದೆ. ಇದೂ ಹೊಸದಲ್ಲ, ಸೊಫೊಕ್ಲಿಸ್ ಓರ್ಫನಿಡಿಸ್ 1997ರಲ್ಲೇ ಇಂಥ ಸೂತ್ರ ಬರೆದು ಪ್ರಕಟಿಸಿದ್ದಾರೆ.

ನೀವೇ ಪರೀಕ್ಷೆ ಮಾಡಿ. ಒಂದೇ ಒಂದು ಸ್ಯಾಂಪಲ್‌ನ ‘ಟಿಕ್’ ಇರುವ ಫೈಲನ್ನು ಈಕ್ವಲೈಜರ್ ಮೂಲಕ ಹಾಯಿಸಿ, ಬಂದದ್ದನ್ನು ಸ್ಪೆಕ್ಟ್ರಮ್‌ನಲ್ಲಿ ನೋಡಿ. ಪ್ಲಗಿನ್ ಪರದೆಯ ಚಂದದ ಗೆರೆಯನ್ನು ನಂಬಬೇಡಿ. ಆಮೇಲೆ ಅದೇ ಸೆಟ್ಟಿಂಗನ್ನು 96 ಕಿಲೋಹರ್ಟ್ಸ್ ಪ್ರಾಜೆಕ್ಟಿನಲ್ಲಿ ನೋಡಿ. ಸಾದಾ ಸೂತ್ರವಾದರೆ 10ರ ಹತ್ತಿರ 1.9 ಇದ್ದದ್ದು 3.7ಕ್ಕೆ ಏರುತ್ತದೆ. ಒಂದು ಎಚ್ಚರ: ಎರಡು ಕಂಪನಿಗಳ ಕ್ಯೂ 0.7 ಒಂದೇ ಅಗಲ ಇರಬೇಕೆಂದಿಲ್ಲ. ನಾಬ್ ಮೇಲಿನ ಅಂಕಿ ಹೋಲಿಸಬೇಡಿ, ಗೆರೆ ಹೋಲಿಸಿ.

ಪ್ಲಗಿನ್ ಕೊಳ್ಳಬೇಕಾ? ಬೇಡ. ನಿಮ್ಮ ಹಳೆಯದರಲ್ಲೇ ಕ್ಯೂ 0.32ಕ್ಕೆ ಇಳಿಸಿ, 10 ಕಿಲೋಹರ್ಟ್ಸ್‌ನಲ್ಲಿ ಆ 4.1 ಸಿಗುತ್ತದೆ. 20ರಲ್ಲಿ 3.3 ಮಾತ್ರ. ಪರವಾಗಿಲ್ಲ ಬಿಡಿ. ನಾನಾದರೆ 16ರಲ್ಲಿ 6 ಏರಿಸೋದೇ ಇಲ್ಲ, 3ಕ್ಕೆ ನಿಲ್ಲಿಸುತ್ತೇನೆ. ತಾಳದ ಜೊತೆಗೆ ಮೈಕಿನ ‘ಸ್ಸ್’ ಕೂಡ ಏಳುತ್ತದೆ ಅಲ್ವಾ?

ಪ್ರಶ್ನೆ: ಜಾತ್ರೆಯಲ್ಲಿ ಸೌಂಡ್ ಹಾಕುತ್ತೇವೆ. 48 ಕಿಲೋಹರ್ಟ್ಸ್‌ನ ಡಿಜಿಟಲ್ ಮಿಕ್ಸರ್ ಬಿಟ್ಟು 96ರದ್ದು ತರಬೇಕಾ? ಹಿಂದೆ ಕೂತವರಿಗೆ ಟ್ರೆಬಲ್ ಮುಟ್ಟುತ್ತಿಲ್ಲ. (ರಾಯಚೂರು)

ಉತ್ತರ: ಅದು ಮಿಕ್ಸರ್ ತಪ್ಪಲ್ಲ, ಗಾಳಿಯದು. ನಿಮ್ಮೂರಿನ 40 ಡಿಗ್ರಿ ಒಣ ಗಾಳಿಯಲ್ಲಿ 30 ಮೀಟರ್ ದಾಟುವಷ್ಟರಲ್ಲಿ 10 ಕಿಲೋಹರ್ಟ್ಸ್ ಸುಮಾರು 5 ಡೆಸಿಬಲ್ ಸವೆಯುತ್ತದೆ, 16 ಕಿಲೋಹರ್ಟ್ಸ್ 12ರಷ್ಟು. ದೂರಕ್ಕೆ ಸದ್ದು ಇಳಿಯೋದು ಬೇರೆ. ಈಕ್ವಲೈಜರ್‌ನಿಂದ ತುಂಬಿಸಲು ಹೋದರೆ ಮುಂದೆ ಕೂತವರ ಕಿವಿಯೂ ಹಾಳು, ಟ್ವೀಟರೂ ಹಾಳು. ಆ ದುಡ್ಡಿಗೆ ಮೈದಾನದ ನಡುವೆ ಇನ್ನೊಂದು ಜೋಡಿ ಸ್ಪೀಕರ್ ನಿಲ್ಲಿಸಿ, ಮುಂದಿನ ಸ್ಪೀಕರಿನ ಸದ್ದಿನ ಜೊತೆ ಹೊಂದುವಂತೆ ಡಿಲೇ ಕೊಡಿ.

ಪ್ರಶ್ನೆ: ಈಕ್ವಲೈಜರ್‌ನಲ್ಲಿ ಲೀನಿಯರ್ ಫೇಸ್ (ಎಲ್ಲ ಫ್ರೀಕ್ವೆನ್ಸಿಯನ್ನೂ ಒಂದೇ ಸಮ ತಡಮಾಡುವ ಆಯ್ಕೆ) ಹಾಕಿದರೆ ಟ್ರೆಬಲ್ ಇನ್ನೂ ನಿಖರ ಆಗುತ್ತದಾ? (ಬಳ್ಳಾರಿ)

ಉತ್ತರ: ಫೇಸ್ ಬೇರೆ, ಗೇನ್ ಬೇರೆ. ತಾಳದ ಪೆಟ್ಟಿಗೆ ಮುಂಚೆಯೇ ಸಣ್ಣ ಗುಂಯ್ ಬೇಕಿದ್ದರೆ ಹಾಕಿಕೊಳ್ಳಿ.

ಪ್ರಶ್ನೆ: ಚಿನ್ನದ ಲೇಪನದ ಯುಎಸ್‌ಬಿ ಕೇಬಲ್‌ನಿಂದ ಟ್ರೆಬಲ್ ತಿಳಿಯಾಗುತ್ತದೆ ಅಂತ ಅಂಗಡಿಯವರು ಹೇಳಿದರು. (ಬಳ್ಳಾರಿ)

ಉತ್ತರ: ಅಂಗಡಿ ಬದಲಿಸಿ.