ಓದುಗರ ಪ್ರಶ್ನೆ, ವೈದ್ಯರ ಉತ್ತರ: ಟೊಂಕ ನೋವಿಗೆ ಎಂತಹ ಗಾದಿ?

ಪ್ರಶ್ನೆ: ಮಾನ್ಯರೇ, ನಾನು ವಿಜಯಪುರದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ವಯಸ್ಸು 46, ತೂಕ 74 ಕಿಲೋ. ಎರಡು ವರ್ಷಗಳಿಂದ ಬೆಳಗ್ಗೆ ಏಳುವ ಹೊತ್ತಿಗೆ ಟೊಂಕ ಹಿಡಿದುಕೊಂಡಿರುತ್ತದೆ. ಮುಖ ತೊಳೆದು, ಚಹಾ ಮಾಡಿ, ಇಪ್ಪತ್ತು ನಿಮಿಷ ಓಡಾಡಿದರೆ ತಾನಾಗಿಯೇ ಸಡಿಲವಾಗುತ್ತದೆ. ಕಾಲಿಗೆ ಜೋಮು ಹಿಡಿಯುವುದು, ಶಕ್ತಿ ಕುಂದುವುದು ಯಾವುದೂ ಇಲ್ಲ. ಎಕ್ಸ್‌ರೇ ನೋಡಿದ ವೈದ್ಯರು ಬೆನ್ನೆಲುಬು ಸ್ವಲ್ಪ ಸವೆದಿದೆ, ಗಟ್ಟಿ ಹಲಗೆಯ ಮೇಲೆ ಮಲಗಿ ಎಂದರು. ಒಂದು ತಿಂಗಳು ಹಾಗೆ ಮಲಗಿದ್ದಕ್ಕೆ ಟೊಂಕದ ಜೊತೆ ಭುಜವೂ ನೋಯತೊಡಗಿತು. ನಮ್ಮ ಅತ್ತೆಯವರು, ಫರಸಿಯ ಮೇಲೆ ಎರಡು ಕೌದಿ ಹಾಸಿಕೊಂಡು ಮಲಗು, ನಾವೆಲ್ಲ ಹಾಗೆಯೇ ಬಾಳಿದವರು ಎನ್ನುತ್ತಾರೆ. ಅಂಗಡಿಯವರು ‘ಆರ್ಥೋಪೆಡಿಕ್’ ಎಂದು ಬರೆದ 8 ಇಂಚಿನ ಮೆಮೊರಿ ಫೋಮ್ ಗಾದಿ ತೋರಿಸುತ್ತಿದ್ದಾರೆ. ಈಗ ಇರುವುದು ಮದುವೆಯಲ್ಲಿ ತವರಿನವರು ಮಾಡಿಸಿಕೊಟ್ಟ ಹತ್ತಿಯ ಗಾದಿ, ಕಬ್ಬಿಣದ ಪಟ್ಟಿಗಳ ಮಂಚ. ನಮ್ಮ ಯಜಮಾನರ ತೂಕ 55 ಕಿಲೋ, ಅವರಿಗೆ ಯಾವ ನೋವೂ ಇಲ್ಲ. ಯಾರ ಮಾತು ಕೇಳಬೇಕು?
— ಓದುಗರು, ವಿಜಯಪುರ

ಉತ್ತರ: ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ಮೊದಲು ನಿಂತದ್ದು ‘ಇಪ್ಪತ್ತು ನಿಮಿಷ ಓಡಾಡಿದರೆ ಸಡಿಲವಾಗುತ್ತದೆ’ ಎಂಬ ಸಾಲಿನ ಮೇಲೆ. ಎದ್ದ ಕೂಡಲೇ ಇದ್ದು, ಅರ್ಧ ಗಂಟೆಯೊಳಗೆ ಕರಗಿ, ಹಗಲೆಲ್ಲ ಅಷ್ಟಾಗಿ ಕಾಡದ ನೋವಿನಲ್ಲಿ ಹಾಸಿಗೆಯ ಪಾತ್ರ ಇರುವ ಸಾಧ್ಯತೆ ಹೆಚ್ಚು. ದಸರಾ ರಜೆಯಲ್ಲಿ ಬೀಗರ ಮನೆಯಲ್ಲೋ ತವರಿನಲ್ಲೋ ನಾಲ್ಕು ದಿನ ಮಲಗಿದಾಗ ನೋವು ಕಡಿಮೆಯಾಗಿತ್ತೇ ಎಂದು ನೆನಪು ಮಾಡಿಕೊಳ್ಳಿ. ಆಗಿದ್ದರೆ ನಿಮ್ಮ ಸಂದೇಹಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಇದಕ್ಕೆ ವಿರುದ್ಧವಾಗಿ, ಸಣ್ಣ ವಯಸ್ಸಿನಲ್ಲಿಯೇ ಆರಂಭವಾಗಿ, ಬೆಳಗಿನ ಜಾವ ನಿದ್ದೆಯಿಂದ ಎಬ್ಬಿಸುವ, ಅರ್ಧ ಗಂಟೆ ದಾಟಿದರೂ ಬಿಗಿತ ಬಿಡದ ನೋವಿಗೆ ಬೆನ್ನೆಲುಬಿನ ಉರಿಯೂತದ ಸಂಧಿವಾತ ಕಾರಣವಿರಬಹುದು. ಅಂಥವರು ಗಾದಿ ಅಂಗಡಿಗೆ ಹೋಗುವ ಮೊದಲು ವೈದ್ಯರಲ್ಲಿಗೆ ಹೋಗಬೇಕು.

‘ಸವೆದಿದೆ’ ಎಂಬ ಮಾತಿಗೆ ಹೆದರಬೇಡಿ. ನೋವೇ ಇಲ್ಲದ ಐವತ್ತರ ವಯಸ್ಸಿನವರ ಬೆನ್ನನ್ನು ಸ್ಕ್ಯಾನ್ ಮಾಡಿ ನೋಡಿದರೂ 100ರಲ್ಲಿ ಸುಮಾರು 80 ಮಂದಿಯಲ್ಲಿ ಬೆನ್ನೆಲುಬಿನ ನಡುವಿನ ಡಿಸ್ಕ್ ಸವೆದಿರುವುದು ಕಾಣುತ್ತದೆ. ಕೂದಲು ನರೆಯುವ ಹಾಗೆ ಅದೂ ವಯಸ್ಸಿನ ಗುರುತು.

ಇನ್ನು ಹಲಗೆಯ ಮಾತು. ಇದು ತಲೆಮಾರುಗಳಿಂದ ಬಂದ ಸಲಹೆ, ನಾನೂ ವೃತ್ತಿಯ ಆರಂಭದಲ್ಲಿ ಕೊಟ್ಟಿದ್ದೇನೆ. ಆದರೆ 2003ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಸ್ಪೇನ್ ದೇಶದ ಅಧ್ಯಯನವೊಂದರಲ್ಲಿ, ಬಹುಕಾಲದಿಂದ ಸೊಂಟ ನೋವಿದ್ದ 313 ಮಂದಿಯ ಪೈಕಿ ಕೆಲವರಿಗೆ ಗಟ್ಟಿ ಗಾದಿ, ಉಳಿದವರಿಗೆ ಮಧ್ಯಮ ಗಟ್ಟಿತನದ ಗಾದಿ ಕೊಟ್ಟು, ಯಾರಿಗೆ ಯಾವುದು ಎಂದು ತಿಳಿಸದೆ 90 ದಿನ ಗಮನಿಸಿದರು. 1 ಎಂದರೆ ಅತಿ ಗಟ್ಟಿ, 10 ಎಂದರೆ ಅತಿ ಮೆತ್ತಗೆ ಎಂಬ ಅಳತೆಯಲ್ಲಿ ಮೊದಲಿನದು 2.3, ಎರಡನೆಯದು 5.6. ಹಾಸಿಗೆಯಲ್ಲಿದ್ದಾಗಿನ ನೋವು, ಏಳುವಾಗಿನ ನೋವು, ದಿನದ ಕೆಲಸಕ್ಕೆ ಆಗುವ ಅಡ್ಡಿ, ಈ ಮೂರರಲ್ಲಿಯೂ ಮಧ್ಯಮ ಗಾದಿಯವರೇ ಹೆಚ್ಚು ಸುಧಾರಿಸಿದರು.

ಕಾರಣವನ್ನು ನಿಮ್ಮ ಭುಜವೇ ಹೇಳಿದೆ. ಮಗ್ಗುಲಾಗಿ ಮಲಗಿದಾಗ ಭುಜ ಮತ್ತು ಪಿರ್ರೆ ಹೊರಗೆ ಉಬ್ಬಿರುತ್ತವೆ, ಟೊಂಕ ಒಳಗೆ ತಗ್ಗಿರುತ್ತದೆ. ಹಲಗೆಯ ಮೇಲೆ ಇಡೀ ಮೈಭಾರ ಆ ಎರಡು ಉಬ್ಬುಗಳ ಮೇಲೆ ಬಿದ್ದು, ನಡುವಿನ ಟೊಂಕ ಆಧಾರವಿಲ್ಲದೆ ಜೋತಾಡುತ್ತದೆ ಮತ್ತು ಅದನ್ನು ಹಿಡಿದಿಡಲು ಸ್ನಾಯುಗಳು ರಾತ್ರಿಯೆಲ್ಲ ದುಡಿಯುತ್ತವೆ. ಅತಿ ಮೆತ್ತನೆಯ ಗಾದಿಯಲ್ಲಾದರೆ ಭಾರವಾದ ಸೊಂಟವೇ ಆಳಕ್ಕೆ ಇಳಿದು ಬೆನ್ನು ಜೋಳಿಗೆಯಂತೆ ಬಾಗುತ್ತದೆ. ಉಬ್ಬುಗಳು ಒಂದಿಷ್ಟು ಒಳಗೆ ಇಳಿಯಬೇಕು, ತಗ್ಗಿಗೆ ಕೆಳಗಿನಿಂದ ಆಸರೆ ಸಿಗಬೇಕು. ಗಾದಿಯಿಂದ ನಾವು ಬಯಸಬೇಕಾದದ್ದು ಇಷ್ಟು.

ನಿಮ್ಮ ಅತ್ತೆಯವರ ಮಾತನ್ನು ಮಾತ್ರ ತಳ್ಳಿಹಾಕಬೇಡಿ, ಅದು ಅವರ ಪಾಲಿಗೆ ಸತ್ಯ. ತೆಳ್ಳನೆಯ ಮೈಯವರಿಗೆ ಈ ಉಬ್ಬುತಗ್ಗುಗಳ ಅಂತರ ಕಡಿಮೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಕೌದಿ ಎರಡು ಹಾಕಿದರೆ ಅವರಿಗೆ ಸಾಕಾಗುತ್ತದೆ, ಬೇಸಿಗೆಯಲ್ಲಿ ಫರಸಿಯ ತಂಪೂ ಸಿಗುತ್ತದೆ. ನೋವಿಲ್ಲದೆ ನೆಲದ ಮೇಲೆ ಮಲಗುವವರಿಗೆ ಗಾದಿ ಕೊಳ್ಳಿರೆಂದು ನಾನು ಎಂದೂ ಹೇಳುವುದಿಲ್ಲ.

ಹೊಸದನ್ನು ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ, ಇದಕ್ಕೆ ದುಡ್ಡು ಬೇಕಿಲ್ಲ. ಈಗಿರುವ ಗಾದಿಯನ್ನೇ ಮಂಚದಿಂದ ಇಳಿಸಿ ನೆಲದ ಮೇಲೆ ಹಾಸಿ ಒಂದು ವಾರ ಮಲಗಿ ನೋಡಿ. ಕಬ್ಬಿಣದ ಪಟ್ಟಿಗಳು ವರ್ಷಗಳು ಕಳೆದಂತೆ ನಡುವೆ ಬಾಗುತ್ತವೆ, ಮೇಲಿನಿಂದ ನೋಡಿದರೆ ತಿಳಿಯುವುದಿಲ್ಲ. ಈ ಕೊನೆಯಿಂದ ಆ ಕೊನೆಗೆ ಒಂದು ದಾರ ಬಿಗಿಯಾಗಿ ಹಿಡಿದರೆ ತಗ್ಗು ಕಣ್ಣಿಗೆ ಬೀಳುತ್ತದೆ. ನೆಲದ ಮೇಲೆ ನೋವು ಇಳಿದರೆ ತಪ್ಪು ಮಂಚದ್ದು. ಬಡಿಗರಿಂದ 18 ಮಿಲಿಮೀಟರ್ ದಪ್ಪದ ಪ್ಲೈವುಡ್ ಕೊಯ್ಯಿಸಿ, ಗಾಳಿಯಾಡಲು ಅಲ್ಲಲ್ಲಿ ತೂತು ಹಾಕಿಸಿ, ಪಟ್ಟಿಗಳ ಮೇಲೆ ಕೂರಿಸಿದರೆ ಕೆಲಸ ಮುಗಿಯಿತು. ನೆಲದ ಮೇಲೂ ನೋವು ಹಾಗೆಯೇ ಇದ್ದರೆ ಗಾದಿಯ ಸರದಿ. ಹತ್ತಿಯ ಗಾದಿ ಹೆಚ್ಚು ಒತ್ತು ಬೀಳುವ ಕಡೆ ಗಡ್ಡೆಗಟ್ಟಿ ತಗ್ಗಾಗುತ್ತದೆ. ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಅರಳೆಯನ್ನು ಬಿಚ್ಚಿಸಿ ಹಿಂಜಿಸಿದರೆ ಅದಕ್ಕೆ ಮತ್ತೆ ಜೀವ ಬರುತ್ತದೆ. ಬಿಲ್ಲು ಹೆಗಲಿಗೇರಿಸಿ ಪಿಂಜಾರರು ಓಣಿಗೆ ಬರುತ್ತಿದ್ದ ದಿನಗಳು ಹೋದವು, ಆದರೆ ಯಂತ್ರದಲ್ಲಿ ಹಿಂಜಿ ಹೊಲಿದುಕೊಡುವವರು ಈಗಲೂ ಇದ್ದಾರೆ. ನಿಮ್ಮ ಗಾದಿಯನ್ನು ಕಡೆಯ ಬಾರಿ ಯಾವಾಗ ಹಿಂಜಿಸಿದಿರಿ ಎಂದು ನೀವು ಬರೆದಿಲ್ಲ, ನನಗೆ ಅದೇ ಅನುಮಾನ.

ಇಷ್ಟಾಗಿಯೂ ಹೊಸದೇ ಬೇಕೆಂದರೆ, ಅಂಗಡಿಯವರು ತೋರಿಸಿದ್ದನ್ನು ನಾನು ನಿಮಗೆ ಸೂಚಿಸುವುದಿಲ್ಲ. ಮೆಮೊರಿ ಫೋಮ್ ಮೂಲತಃ 1960ರ ದಶಕದಲ್ಲಿ ಅಮೆರಿಕದ ನಾಸಾ ಸಂಸ್ಥೆಗಾಗಿ ವಿಮಾನದ ಆಸನಗಳಿಗೆಂದು ರೂಪುಗೊಂಡ ವಸ್ತು. ಮೈಶಾಖಕ್ಕೆ ಮೆತ್ತಗಾಗಿ ಮೈಯ ಆಕಾರ ತಳೆಯುವುದು ಅದರ ಗುಣ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿ, ಜನ ಮಾಳಿಗೆಯ ಮೇಲೆ ಹಾಸಿಗೆ ಬಿಚ್ಚುವ ವಿಜಯಪುರದಲ್ಲಿ ಆ ಗುಣವೇ ದೋಷವಾಗುತ್ತದೆ: ಗಾದಿ ಬೇಕಾದುದಕ್ಕಿಂತ ಮೆತ್ತಗಾಗುತ್ತದೆ, ಶಾಖವನ್ನೂ ಹಿಡಿದಿಡುತ್ತದೆ. ‘ಆರ್ಥೋಪೆಡಿಕ್’ ಎಂಬ ಪದವೋ, ಅದು ತಯಾರಕರು ಇಟ್ಟುಕೊಂಡ ಹೆಸರು, ಮೂಳೆ ವೈದ್ಯರು ಕೊಟ್ಟ ಪ್ರಮಾಣಪತ್ರವಲ್ಲ. ಆ ಹೆಸರಿನಲ್ಲಿ ಮಾರುವ ಅನೇಕ ಗಾದಿಗಳ ಒಳಗೆ ಇರುವುದು ಫೋಮಿನ ಚೂರುಗಳನ್ನು ಒತ್ತಿ ಅಂಟಿಸಿ ಮಾಡಿದ ರೀಬಾಂಡೆಡ್ ಫೋಮ್. ಅದು ಬಾಳಿಕೆ ಬರುತ್ತದೆ, ಆದರೆ ಬರಿದೇ ಅದರ ಮೇಲೆ ಮಲಗಿದರೆ ನಿಮ್ಮ ಹಲಗೆಯ ಅನುಭವವೇ ಮರುಕಳಿಸೀತು. ತಳಕ್ಕೆ ರೀಬಾಂಡೆಡ್ ಇಲ್ಲವೇ ತೆಂಗಿನ ನಾರು, ಅದರ ಮೇಲೆ ಒಂದೂವರೆ ಎರಡು ಇಂಚು ಲೇಟೆಕ್ಸ್ ಅಥವಾ ಒಳ್ಳೆಯ ಮೆತ್ತನೆಯ ಫೋಮ್, ಒಟ್ಟು 6 ಇಂಚು, ಇಷ್ಟಿದ್ದರೆ ನಿಮ್ಮ ತೂಕಕ್ಕೆ ಸಾಕು. ಅಂಗಡಿಯಲ್ಲಿ ‘ಡೆನ್ಸಿಟಿ 32’, ‘ಡೆನ್ಸಿಟಿ 40’ ಎನ್ನುತ್ತಾರಲ್ಲ, ಅದು ಒಂದು ಘನ ಮೀಟರ್ ಫೋಮಿನ ತೂಕ ಎಷ್ಟು ಕಿಲೋ ಎಂಬ ಲೆಕ್ಕ. ಅದರಿಂದ ಬಾಳಿಕೆಯ ಅಂದಾಜು ಸಿಗುತ್ತದೆ, ಗಟ್ಟಿಯೋ ಮೆತ್ತಗೋ ಎಂಬುದು ತಿಳಿಯುವುದಿಲ್ಲ.

ನಿಮಗೂ ಯಜಮಾನರಿಗೂ ತೂಕದಲ್ಲಿ 19 ಕಿಲೋ ಅಂತರವಿದೆ. ಒಂದೇ ಗಾದಿಯಲ್ಲಿ ಭಾರವಿದ್ದವರ ಕಡೆ ತಗ್ಗಾಗಿ ಹಗುರವಾದವರು ಅತ್ತ ಉರುಳುತ್ತಾರೆ, ಇಬ್ಬರ ನಿದ್ದೆಯೂ ಕೆಡುತ್ತದೆ. ಒಂದೊಂದು ಸ್ಪ್ರಿಂಗೂ ಬೇರೆ ಬೇರೆ ಚೀಲದಲ್ಲಿರುವ ‘ಪಾಕೆಟ್ ಸ್ಪ್ರಿಂಗ್’ ಗಾದಿಯಲ್ಲಿ ಈ ತೊಂದರೆ ಕಡಿಮೆ. ಅದಕ್ಕಿಂತ ಸುಲಭವಾದ ದಾರಿ, 36 ಇಂಚು ಅಗಲದ ಎರಡು ಬೇರೆ ಬೇರೆ ಗಾದಿಗಳನ್ನು ಜೋಡಿಸಿ ಮೇಲೆ ಒಂದೇ ಚಾದರ ಹಾಸುವುದು. ಆಗ ನೋವಿಲ್ಲದ ಯಜಮಾನರು ಹಳೆಯದನ್ನೇ ಹಿಂಜಿಸಿ ಬಳಸಬಹುದು, ಖರ್ಚೂ ಅರ್ಧ. ಎರಡರ ಎತ್ತರ ಸಮನಾಗಿರುವಂತೆ ಮಾತ್ರ ನೋಡಿಕೊಳ್ಳಿ.

ಅಂಗಡಿಯಲ್ಲಿ ಅಂಗೈಯಿಂದ ಒತ್ತಿ ನೋಡಿ ಬರಬೇಡಿ, ಸಂಕೋಚ ಬಿಟ್ಟು ಹತ್ತು ನಿಮಿಷ ಮಲಗಿ. ಅಂಗಾತ ಮಲಗಿ ಟೊಂಕದ ಕೆಳಗೆ ಅಂಗೈ ತೂರಿಸಿ. ಸಲೀಸಾಗಿ ಆಚೆ ಈಚೆ ಹೋದರೆ ಗಾದಿ ಗಟ್ಟಿಯಾಯಿತು, ತೂರಲೇ ಆಗದಿದ್ದರೆ ಮೆತ್ತಗಾಯಿತು, ಸ್ವಲ್ಪ ಬಿಗಿಯಾಗಿ ಹೋದರೆ ಸರಿ. ಮಗ್ಗುಲಾದಾಗ ಬೆನ್ನೆಲುಬು ಕುತ್ತಿಗೆಯಿಂದ ಸೊಂಟದವರೆಗೆ ನೇರವಾಗಿದೆಯೇ ಎಂದು ಯಜಮಾನರು ಹಿಂದೆ ನಿಂತು ನೋಡಲಿ. ಒಗ್ಗದಿದ್ದರೆ ಹಿಂದಿರುಗಿಸಲು ಎಷ್ಟು ದಿನ ಅವಕಾಶ ಎಂಬುದನ್ನು ಪಾವತಿಯ ಮೇಲೆ ಬರೆಸಿಕೊಳ್ಳಿ, ಏಕೆಂದರೆ ಮೈ ಹೊಸ ಗಾದಿಗೆ ಹೊಂದಿಕೊಳ್ಳಲು ಎರಡು ಮೂರು ವಾರವಾದರೂ ಬೇಕು.

ಮಗ್ಗುಲಾಗಿ ಮಲಗಿದಾಗ ಮೊಣಕಾಲುಗಳ ನಡುವೆ, ಅಂಗಾತ ಮಲಗಿದಾಗ ಮೊಣಕಾಲುಗಳ ಕೆಳಗೆ ಒಂದು ದಿಂಬು ಇಟ್ಟುಕೊಳ್ಳಿ. ಬೆನ್ನೆಲುಬಿನ ನಡುವಿನ ಡಿಸ್ಕ್‌ಗಳು ರಾತ್ರಿ ನೀರು ಹೀರಿ ಉಬ್ಬಿರುವುದರಿಂದ ಎದ್ದ ಮೊದಲ ಗಂಟೆಯಲ್ಲಿ ಬಗ್ಗಿ ಕಸ ಗುಡಿಸುವುದು, ಕೊಡ ಎತ್ತುವುದು ಬೇಡ. ಗಾದಿ ಎಷ್ಟೇ ಒಳ್ಳೆಯದಾದರೂ ಅದು ರಾತ್ರಿಯ ಕಾವಲುಗಾರ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟ ನೋವಿನ ಬಗ್ಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ವ್ಯಾಯಾಮಕ್ಕೆ ಸಮ್ಮತಿಯಿದೆ, ಸೊಂಟದ ಪಟ್ಟಿಗೆ ಇಲ್ಲ. ದಿನಾಲು ಸಂಜೆ ಗೋಳಗುಮ್ಮಟದ ಕಡೆಗೆ ಅರ್ಧ ಗಂಟೆ ನಡೆದು ಬನ್ನಿ.

ಪ್ರಶ್ನೆ: ನಾನು ಇಳಕಲ್ಲಿನಲ್ಲಿ ಕುಣಿ ಮಗ್ಗದ ಮೇಲೆ ಸೀರೆ ನೇಯುವವನು. ವಯಸ್ಸು 41, ಮೈ ತೆಳ್ಳಗಿದೆ. ಸಂಜೆಯಾಗುತ್ತಲೇ ನಡು ನೋವು ಹೆಚ್ಚಾಗಿ ಎಡಗಾಲಿನ ಮೀನಖಂಡದವರೆಗೆ ಇಳಿಯುತ್ತದೆ. ಮಲಗುವುದು ಹಗ್ಗದ ಹೊರಸಿನ ಮೇಲೆ. ತೆಂಗಿನ ನಾರಿನ ಗಾದಿ ಹಾಕಿದರೆ ಗುಣವಾಗುವುದೇ?
— ಓದುಗರು, ಇಳಕಲ್ಲ

ಉತ್ತರ: ನಿಮ್ಮ ನೋವು ಬೆಳಗ್ಗೆ ಕಡಿಮೆಯಿದ್ದು ಸಂಜೆಗೆ ಏರುತ್ತದೆ. ಮೇಲಿನ ಶಿಕ್ಷಕಿಯವರದಕ್ಕೆ ಇದು ತಿರುವುಮುರುವು. ಆದ್ದರಿಂದ ನಾನು ಹಾಸಿಗೆಗಿಂತ ಮಗ್ಗವನ್ನೇ ಹೆಚ್ಚು ಅನುಮಾನಿಸುತ್ತೇನೆ. ಕುಣಿಯಲ್ಲಿ ಕಾಲಿಳಿಬಿಟ್ಟು, ಮುಂದಕ್ಕೆ ಬಾಗಿ, ತುಳಿಯುವುದೂ ಲಾಳಿ ಓಡಿಸುವುದೂ ಒಟ್ಟಿಗೆ ನಡೆಯುವಾಗ ಟೊಂಕದ ಡಿಸ್ಕ್‌ಗಳ ಮೇಲೆ ಗಂಟೆಗಟ್ಟಲೆ ಒತ್ತಡ ಬೀಳುತ್ತದೆ. ಅರ್ಧ ಗಂಟೆಗೊಮ್ಮೆ ಕುಣಿಯಿಂದ ಎದ್ದು, ಟೊಂಕದ ಮೇಲೆ ಎರಡೂ ಕೈಯಿಟ್ಟು ನಾಲ್ಕಾರು ಸಲ ಹಿಂದಕ್ಕೆ ಬಾಗಿ, ಹತ್ತು ಹೆಜ್ಜೆ ನಡೆಯಿರಿ. ಹಿಂದಕ್ಕೆ ಬಾಗಿದಾಗ ಕಾಲಿನ ನೋವು ಹೆಚ್ಚಾದರೆ ಅದನ್ನು ಬಿಟ್ಟು ನಡಿಗೆಯನ್ನಷ್ಟೇ ಮಾಡಿ. ಕೂರುವ ಮಣೆಯ ಮೇಲೆ ಮಡಿಸಿದ ಕೌದಿಯೊಂದನ್ನು ಇಟ್ಟು ಸ್ವಲ್ಪ ಎತ್ತರಿಸಿಕೊಂಡರೆ ಬಾಗುವುದೂ ಕಡಿಮೆಯಾಗುತ್ತದೆ.

ನೋವು ಮೊಣಕಾಲಿನ ಕೆಳಕ್ಕೆ ಇಳಿಯುತ್ತಿರುವುದರಿಂದ ನರದ ಮೇಲೆ ಒತ್ತು ಬಿದ್ದಿರಬಹುದು, ಒಮ್ಮೆ ವೈದ್ಯರಿಗೆ ತೋರಿಸಿ. ಪಾದ ಎತ್ತಲು ಆಗದಿದ್ದರೆ, ಕುಳಿತುಕೊಳ್ಳುವ ಜಾಗ ಮರಗಟ್ಟಿದರೆ, ಮೂತ್ರ ಅಥವಾ ಮಲದ ಮೇಲಿನ ಹಿಡಿತ ತಪ್ಪಿದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಮರುದಿನಕ್ಕೆ ಇಡಬಾರದು.

ಸಡಿಲವಾದ ಹೊರಸು ಬೆನ್ನನ್ನು ಬಾಗಿಸುವುದು ನಿಜ. ಆದರೆ ಜೋತುಬಿದ್ದ ಹಗ್ಗದ ಮೇಲೆ ನಾರಿನ ಗಾದಿ ಹಾಕಿದರೆ ಗಾದಿಯೂ ಜೋತುಬೀಳುತ್ತದೆ. ಮೊದಲು ಹಗ್ಗ ಬಿಗಿಮಾಡಿ, ಇಲ್ಲವೇ ಸಪಾಟಾದ ಮಂಚ ಮಾಡಿಕೊಳ್ಳಿ. ರಬ್ಬರ್ ಹಾಲು ಸೇರಿಸಿ ಒತ್ತಿದ ನಾರಿನ ಗಾದಿಯಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ, ನಿಮ್ಮ ಊರಿನ ಸೆಕೆಗೆ ಒಳ್ಳೆಯದು. ಅದು ಗಟ್ಟಿ ಜಾತಿಯದು, ನಿಮ್ಮ ತೆಳ್ಳನೆಯ ಮೈಗೆ ಚುಚ್ಚಿದಂತೆನಿಸಬಹುದು. ಆದ್ದರಿಂದ 4 ಇಂಚಿನದು ಕೊಂಡು, ಮೇಲೆ ತೆಳ್ಳನೆಯ ಹತ್ತಿ ಗಾದಿಯನ್ನು ಹಾಸಿಕೊಳ್ಳಿ.

ಪ್ರಶ್ನೆ: ನಮ್ಮ ತಾಯಿಯವರಿಗೆ 72 ವರ್ಷ. ಬೆನ್ನು ನೋವೆಂದು 10 ಇಂಚಿನ ಮೆತ್ತನೆಯ ಗಾದಿ ತಂದೆವು. ಈಗ ಏಳಲು ಆಗುವುದಿಲ್ಲ ಎಂದು ಕೆಳಗೆ ಚಾಪೆಯ ಮೇಲೆ ಮಲಗುತ್ತಿದ್ದಾರೆ. ಏನು ಮಾಡುವುದು?
— ಓದುಗರು, ಬೆಳಗಾವಿ

ಉತ್ತರ: ಈ ವಯಸ್ಸಿನಲ್ಲಿ ಮಲಗುವ ಸುಖದಷ್ಟೇ ಏಳುವ ಅನುಕೂಲವೂ ಮುಖ್ಯ. ಮಂಚದ ಅಂಚಿನಲ್ಲಿ ಕುಳಿತಾಗ ಅವರ ಪಾದಗಳು ಪೂರ್ತಿ ನೆಲಕ್ಕೆ ತಾಗಿ ಮೊಣಕಾಲುಗಳು ಹೆಚ್ಚುಕಡಿಮೆ ಲಂಬವಾಗಿರಬೇಕು. ಗಾದಿ ಸೇರಿ ಒಟ್ಟು ಎತ್ತರ 18ರಿಂದ 20 ಇಂಚು ಇದ್ದರೆ ಸಾಮಾನ್ಯವಾಗಿ ಸರಿಹೊಂದುತ್ತದೆ. ಅಂಚು ಕುಸಿಯದ, 5 ಇಂಚಿನ ಮಧ್ಯಮ ಗಾದಿಗೆ ಬದಲಾಯಿಸಿ. ಚಾಪೆಯಿಂದ ಏಳುವ ಪ್ರಯಾಸ ಅವರ ಮೊಣಕಾಲಿಗೂ ಒಳ್ಳೆಯದಲ್ಲ, ಬೆಳಗಾವಿಯ ಮಳೆಗಾಲದಲ್ಲಿ ನೆಲದ ತಂಡಿ ಬೇರೆ. ಏಳುವಾಗ ನೇರವಾಗಿ ಎದ್ದು ಕೂರುವುದು ಬೇಡ. ಮೊದಲು ಮಗ್ಗುಲಿಗೆ ಹೊರಳಿ, ಕಾಲುಗಳನ್ನು ಕೆಳಗೆ ಬಿಟ್ಟು, ಕೈ ಊರಿ ಏಳುವುದನ್ನು ನೀವೇ ಹತ್ತಿರ ನಿಂತು ರೂಢಿ ಮಾಡಿಸಿ.

ನೋವು ಹಠಾತ್ತನೆ ಬಂತೇ, ಅದಕ್ಕೆ ಮೊದಲು ಸಣ್ಣದಾಗಿಯಾದರೂ ಜಾರಿ ಬಿದ್ದಿದ್ದರೇ, ಇತ್ತೀಚೆಗೆ ಗೂನು ಹೆಚ್ಚಾಗಿ ಎತ್ತರ ಕುಗ್ಗಿದೆಯೇ ಎಂದು ವಿಚಾರಿಸಿ. ಮೂಳೆ ಟೊಳ್ಳಾದ ವಯಸ್ಸಾದ ಹೆಣ್ಣುಮಕ್ಕಳಲ್ಲಿ ಬಗ್ಗಿ ಏನಾದರೂ ಎತ್ತಿದ ಮಾತ್ರಕ್ಕೇ ಬೆನ್ನೆಲುಬು ಕುಸಿಯುವುದುಂಟು. ಇವುಗಳಲ್ಲಿ ಒಂದಕ್ಕಾದರೂ ಹೌದು ಎಂದರೆ ಗಾದಿ ಬದಲಾಯಿಸುವ ಮುನ್ನ ಎಕ್ಸ್‌ರೇ ತೆಗೆಸಿ.