ಮಲ್ಲೇಶ್ವರದ ಹಳೇ ಮನೆ ಭೋಗ್ಯಕ್ಕೆ ಹಾಕಿಕೊಳ್ಳಲಾ, ವೈಟ್‌ಫೀಲ್ಡ್ ಅಪಾರ್ಟ್‌ಮೆಂಟಾ?

ಹೀಗಂತ ನೀವು ಕೇಳಿದ್ದೀರಿ. ಭೋಗ್ಯ ಅಂದರೆ ಒಟ್ಟಿಗೇ ದೊಡ್ಡ ಮೊತ್ತ ಕೊಟ್ಟು ಬಾಡಿಗೆ ಇಲ್ಲದೆ ಇದ್ದು, ಬಿಡುವಾಗ ಅದನ್ನು ವಾಪಸ್ ಪಡೆಯೋದು. ಹೆಂಚಿನ ಮನೆ, ಕೆಂಪು ನೆಲ, ಹಿತ್ತಲಲ್ಲಿ ತೆಂಗಿನಮರ, ಮಕ್ಕಳು ಹಳೇ ಬೆಂಗಳೂರಲ್ಲಿ ಬೆಳೆಯಲಿ ಅನ್ನೋ ಆಸೆ ನಿಮ್ಮದು. ಇದೇ ಆಸೆಗೆ ಬಿದ್ದು ನಾನೂ ದುಡ್ಡು ಸಿಕ್ಕಿಹಾಕಿಸಿಕೊಂಡಿದ್ದೆ.

ಮನೆ ಇದ್ದದ್ದು ಮಲ್ಲೇಶ್ವರದ ಮಾರ್ಗೋಸಾ ರಸ್ತೆಯ ಹತ್ತಿರ. ಮನೆಯ ಹಿರಿಯಣ್ಣ ಕಾಫಿ ಕೊಟ್ಟು, ಹಿತ್ತಲ ಬಾಗಿಲು ತೆಗೆದು ಹಿಂದಿನ ಕನ್ಸರ್ವೆನ್ಸಿ ಓಣಿ ತೋರಿಸಿದರು. 1898ರಲ್ಲಿ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟು ಬಿಟ್ಟು ಬಂದ ಜನರಿಂದ ಬೆಳೆದ ಬಡಾವಣೆಗಳು ಮಲ್ಲೇಶ್ವರ, ಬಸವನಗುಡಿ. ಅದಕ್ಕೇ ನೇರ ರಸ್ತೆ, ಮನೆ ಸುತ್ತ ಜಾಗ, ಗಾಳಿ ಬೆಳಕು. ಹಿಂದಿನ ಓಣಿ ಮಾತ್ರ ಮಲ ಹೊರುವವರು ಮುಂಬಾಗಿಲ ಕಡೆ ಬರದಿರಲಿ ಅಂತ ಬಿಟ್ಟಿದ್ದು. ಹಳೇ ಮಲ್ಲೇಶ್ವರ ಎಷ್ಟು ಚೆಂದ ಅನ್ನುವಾಗ ಇದನ್ನೂ ಸೇರಿಸಿ ಹೇಳಬೇಕು ಅಲ್ವಾ?

ನಾನು ಮನೆಗೇ ಮರುಳಾಗಿ ಕಾಗದ ಸರಿಯಾಗಿ ನೋಡಲಿಲ್ಲ. ಖಾತೆ, ಅಂದರೆ ಪಾಲಿಕೆಯ ಆಸ್ತಿ ದಾಖಲೆ, ಇನ್ನೂ ಅವರ ತೀರಿಕೊಂಡ ತಂದೆಯ ಹೆಸರಲ್ಲೇ ಇತ್ತು. ವಾರಸುದಾರರು ನಾಲ್ಕು ಜನ, ಕರಾರಿಗೆ ಸಹಿ ಹಾಕಿದ್ದು ಹಿರಿಯಣ್ಣ ಒಬ್ಬರೇ. ನೋಂದಣಿಯೂ ಮಾಡಿಸಲಿಲ್ಲ, ಸುಮ್ನೆ ಛಾಪಾ ಕಾಗದದ ಮೇಲೆ ಬರೆಸಿಕೊಂಡೆ. ಬಾಡಿಗೆಯಾಗಿದ್ದರೆ ಹೋಗೋದು ಅಡ್ವಾನ್ಸ್ ಅಷ್ಟೇ. ಭೋಗ್ಯದಲ್ಲಿ ಇದ್ದಬದ್ದ ದುಡ್ಡನ್ನೆಲ್ಲ ಒಟ್ಟಿಗೇ ಅವರ ಕೈಗೆ ಹಾಕಿರುತ್ತೀವಿ, ಅವರು ಅದನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಕೂತಿರಲ್ಲ, ಇವರಂತೂ ಮಗಳ ಮದುವೆಗೆ ಆಗಲೇ ಖರ್ಚು ಮಾಡಿದ್ದರು. ಮಿಕ್ಕ ಮೂವರು ಮನೆಯನ್ನು ಬಿಲ್ಡರ್‌ಗೆ ಕೊಡೋಣ ಅಂತ ಹಟ ಹಿಡಿದಾಗ ನನ್ನ ಕರಾರನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ. "ನಾವು ಸಹಿ ಹಾಕಿಲ್ವಲ್ಲ ಸಾರ್" ಅಂದರು. ಹೌದು, ಹಾಕಿರಲಿಲ್ಲ. ಬಿಲ್ಡರ್ ದುಡ್ಡು ಬಂದ ಮೇಲೇ ನನ್ನದು ವಾಪಸ್ ಬಂತು, ಬಡ್ಡಿ ಇಲ್ಲದೆ.

ಅವರನ್ನೂ ಬೈಯಲಾರೆ. ದೊಡ್ಡ ಸೈಟು, ಸೋರುವ ಹೆಂಚು, ಬೇರೆ ಬೇರೆ ಊರಲ್ಲಿರುವ ಅಣ್ಣತಮ್ಮಂದಿರು. ಪಾಲಾಗಬೇಕಾದರೆ ಮಾರಲೇಬೇಕು.

ನನ್ನ ಕೇಳಿದರೆ ನಿಮ್ಮ ಪ್ರಶ್ನೆಯೇ ತಪ್ಪು. ಮಲ್ಲೇಶ್ವರ ಬೇಕು ಅಂದರೆ ಹಳೇ ಮನೆಯೇ ಯಾಕೆ? ಎಂಟನೇ ಕ್ರಾಸಿನ ಹೂವಿನ ಅಂಗಡಿ, ಕಾಡು ಮಲ್ಲೇಶ್ವರ ದೇವಸ್ಥಾನ, ಅದರ ಎದುರಿನ ನಂದಿ ತೀರ್ಥ, ಬೆಳಗ್ಗೆ ಸ್ಯಾಂಕಿ ಕೆರೆ ಸುತ್ತ ವಾಕಿಂಗ್, ಸಿಟಿಆರ್ ಹೋಟೆಲ್ ಮುಂದೆ ಬೆಣ್ಣೆ ದೋಸೆಗೆ ಕಾಯೋದು, ಇದ್ಯಾವುದಕ್ಕೂ ಹೆಂಚಿನ ಸೂರು ಬೇಡ. ನಾನೀಗ ಅದೇ ಏರಿಯಾದಲ್ಲಿ ಮೂರಂತಸ್ತಿನ ಸಾಧಾರಣ ಕಟ್ಟಡದಲ್ಲಿ ಬಾಡಿಗೆಗಿದ್ದೀನಿ. ನೋಡೋಕೆ ಏನೂ ಚೆನ್ನಾಗಿಲ್ಲ, ಆದರೆ ಮಳೆ ಬಂದರೆ ಬಕೆಟ್ ಇಡಬೇಕಾಗಿಲ್ಲ, ಮಗಳು ಸಂಗೀತದ ಕ್ಲಾಸಿಗೆ ನಡೆದೇ ಹೋಗುತ್ತಾಳೆ.

ಭೋಗ್ಯವೇ ಬೇಕು ಅಂತಿದ್ದರೆ ವಾರಸುದಾರರೆಲ್ಲರ ಸಹಿ ಹಾಕಿಸಿ, ನೋಂದಣಿ ಮಾಡಿಸಿ. ಒಬ್ಬರು ಅಮೆರಿಕಾದಲ್ಲಿದ್ದಾರೆ, ಆಮೇಲೆ ಹಾಕುತ್ತಾರೆ ಅಂದರೆ ಕಾಫಿ ಕುಡಿದು ಎದ್ದು ಬನ್ನಿ. ಇನ್ನು ಆಫೀಸು ವೈಟ್‌ಫೀಲ್ಡಲ್ಲೇ ಇದ್ದರೆ ಸುಮ್ನೆ ಅಲ್ಲೇ ಮನೆ ಮಾಡಿ, ಭಾನುವಾರ ದೋಸೆ ತಿನ್ನೋಕೆ ಇಲ್ಲಿಗೆ ಬಂದರಾಯಿತು.