ಓದುಗರ ಪ್ರಶ್ನೆ: ಕೇಸು ಕಳೆದುಕೊಂಡ ಜೇಬುಗಡಿಯಾರ

ಪ್ರಶ್ನೆ: ಮಾನ್ಯರೇ, ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ನನ್ನ ಮುತ್ತಜ್ಜನವರ ಜೇಬುಗಡಿಯಾರದ ಬೆಳ್ಳಿ ಕೇಸನ್ನು, ಕಾಫಿಗೆ ಬೆಲೆಯಿಲ್ಲದೆ ಹೋದ ಒಂದು ವರ್ಷ ಅಜ್ಜ ಚಿನಿವಾರರ ಅಂಗಡಿಯಲ್ಲಿ ತೂಕಕ್ಕೆ ಹಾಕಿದರಂತೆ. ಒಳಗಿನ ಮಿಷನ್ನನ್ನು ಮಾತ್ರ ಹತ್ತಿಯಲ್ಲಿ ಸುತ್ತಿ ಹಾರ್ಲಿಕ್ಸ್ ಬಾಟಲಿಯಲ್ಲಿ ಇಟ್ಟಿದ್ದರು. ಬಿಳಿ ಪಿಂಗಾಣಿ ಡಯಲ್ಲಿನ ಮೇಲೂ ಹಿಂಬದಿಯ ಪ್ಲೇಟಿನ ಮೇಲೂ ಬೆಂಗಳೂರಿನ ಒಬ್ಬ ವ್ಯಾಪಾರಿಯ ಹೆಸರಿದೆ. ಅದರ ಜೊತೆಗೆ ಇರುವುದು ‘ಸ್ವಿಸ್ ಮೇಡ್’, ‘15 ಜ್ಯುವೆಲ್ಸ್’ ಎಂಬ ಬರಹ ಮಾತ್ರ. ಡಯಲ್ಲಿನ ಅಡ್ಡಳತೆ ಸ್ಕೇಲಿನಲ್ಲಿ ಸುಮಾರು 43 ಮಿ.ಮೀ. ಬರುತ್ತದೆ. ಕೀ ಕೊಡುವ ಕಡ್ಡಿ 3ರ ಬದಿಗಿದೆ, ಸೆಕೆಂಡಿನ ಪುಟ್ಟ ವೃತ್ತ 6ರ ಜಾಗದಲ್ಲಿದೆ, ಕಡ್ಡಿಯ ಪಕ್ಕದಲ್ಲಿ ಒಂದು ಸಣ್ಣ ಮೊಳೆಯಂಥ ತುದಿ ಇಣುಕುತ್ತದೆ. ಜೊತೆಗಿದ್ದ ರಟ್ಟಿನ ಡಬ್ಬಿಯ ಮೇಲೆ ‘ಸೌತ್ ಪರೇಡ್’ ಎಂದು ಅಚ್ಚಾಗಿದೆ. ಹಾಸನದ ಒಬ್ಬ ರಿಪೇರಿಯವರು, ಅಂಚನ್ನು ಸ್ವಲ್ಪ ಅರದಿಂದ ಉಜ್ಜಿದರೆ ತಮ್ಮಲ್ಲಿರುವ ಹೊಸ ಕೇಸಿನಲ್ಲಿ ಕೂರುತ್ತದೆ ಎನ್ನುತ್ತಾರೆ. ಒಪ್ಪಬಹುದೇ? ಆ ಕಾಲದಲ್ಲಿ ಬೆಂಗಳೂರಿನಲ್ಲಿ ಗಡಿಯಾರ ತಯಾರಾಗುತ್ತಿತ್ತೇ?

ಉತ್ತರ: ದಯವಿಟ್ಟು ಅರ ಮುಟ್ಟಿಸಲು ಬಿಡಬೇಡಿ. ಕೇಸು ಇಂದಲ್ಲ ನಾಳೆ ಸಿಕ್ಕೀತು, ಆದರೆ ಉಜ್ಜಿ ಹೋದ ಹಿತ್ತಾಳೆ ಮರಳಿ ಬರುವುದಿಲ್ಲ. ಹಾಗೆ ಉಜ್ಜಿದ ಮಿಷನ್ನು ಮುಂದೆ ಸರಿಯಾದ ಕೇಸು ಸಿಕ್ಕಾಗ ಅದರಲ್ಲಿ ಸಡಿಲವಾಗಿ ಅಲ್ಲಾಡುತ್ತದೆ. ಉಜ್ಜುವಾಗ ಏಳುವ ಪುಡಿ ಚಕ್ರಗಳ ನಡುವೆ ಸೇರುವುದು ಬೇರೆ ತೊಂದರೆ.

ಹೆಸರಿನ ವಿಷಯಕ್ಕೆ ಬರೋಣ. ಚಿಕ್ಕಮಗಳೂರಿನ ಪೇಟೆಯಲ್ಲಿ ನೀವು ಕಾಫಿಪುಡಿ ಕೊಂಡರೆ ಪೊಟ್ಟಣದ ಮೇಲೆ ಹುರಿದು ಪುಡಿ ಮಾಡಿದ ಅಂಗಡಿಯ ಹೆಸರಿರುತ್ತದೆಯೇ ಹೊರತು ಬೀಜ ಬೆಳೆದ ತೋಟದ ಹೆಸರಲ್ಲ. ನಿಮ್ಮ ಗಡಿಯಾರದ ಮೇಲಿನ ಹೆಸರೂ ಅಂಥದ್ದೇ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ, ಮದ್ರಾಸಿನ ಮೌಂಟ್ ರಸ್ತೆಯ ಪಿ. ಓರ್ ಅಂಡ್ ಸನ್ಸ್ ಮೊದಲುಗೊಂಡು ಮುಂಬಯಿ, ಕಲ್ಕತ್ತೆಗಳ ವೆಸ್ಟ್ ಎಂಡ್ ವಾಚ್ ಕಂಪನಿಯವರೆಗೆ ಅನೇಕ ವ್ಯಾಪಾರಿಗಳು ಪರದೇಶದ ಕಾರ್ಖಾನೆಗಳಲ್ಲಿ ತಯಾರಾದ ಗಡಿಯಾರಗಳನ್ನು ತಮ್ಮ ಹೆಸರು ಹಾಕಿಸಿ ತರಿಸುತ್ತಿದ್ದರು. ವೆಸ್ಟ್ ಎಂಡ್‌ನ ಹೆಸರಿರುವ ಎಷ್ಟೋ ಗಡಿಯಾರಗಳನ್ನು ಬಿಚ್ಚಿದರೆ ಒಳಗೆ ಕಾಣುವುದು ಸ್ವಿಟ್ಜರ್ಲೆಂಡಿನ ಲಾಂಜಿನ್ಸ್ ಕಂಪನಿಯ ಮಿಷನ್ನು. ಬೆಂಗಳೂರಿನಲ್ಲಿ ಎಚ್‌ಎಂಟಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಗಡಿಯಾರ ತಯಾರಿಸತೊಡಗಿದ್ದು 1961ರಲ್ಲಿ. ನಿಮ್ಮದು ಅದಕ್ಕಿಂತ ಹಳೆಯದು ಎಂಬುದಕ್ಕೆ ರಟ್ಟಿನ ಡಬ್ಬಿಯೇ ಸಾಕ್ಷಿ, ಏಕೆಂದರೆ ಸೌತ್ ಪರೇಡ್ ಮಹಾತ್ಮ ಗಾಂಧಿ ರಸ್ತೆಯಾದದ್ದು 1948ರಲ್ಲಿ. ಅಂಗಡಿಯವರು ಹಳೆಯ ಡಬ್ಬಿಗಳನ್ನು ಮುಗಿಯುವ ತನಕ ಬಳಸಿರಲೂಬಹುದು, ಆದ್ದರಿಂದ ಒಂದೆರಡು ವರ್ಷದ ವಿನಾಯಿತಿ ಇಟ್ಟುಕೊಳ್ಳಿ. ಇನ್ನು ‘ಸ್ವಿಸ್ ಮೇಡ್’ ಎಂಬ ಬರಹ ಬ್ರಿಟಿಷ್ ಮಾರುಕಟ್ಟೆಯ ಗಡಿಯಾರಗಳಲ್ಲಿ ವ್ಯಾಪಕವಾದದ್ದು, ಸರಕಿನ ಮೂಲ ದೇಶದ ಬಗ್ಗೆ ಬ್ರಿಟನ್ 1887ರಲ್ಲಿ ಕಾನೂನು ಮಾಡಿದ ನಂತರ. ಹೀಗೆ ಎರಡು ಬದಿಯ ಬೇಲಿ ಸಿಕ್ಕಿತು, ಆದರೆ ನಡುವಿನ ಜಮೀನು ಬಹಳ ದೊಡ್ಡದು.

ಅದನ್ನು ಕಿರಿದಾಗಿಸುವ ಗುರುತುಗಳು ಸಾಮಾನ್ಯವಾಗಿ ಡಯಲ್ಲಿನ ಕೆಳಗೆ ಅಡಗಿರುತ್ತವೆ. ವ್ಯಾಪಾರಿಯ ಹೆಸರು ಕಾಣುವ ಕಡೆ ಕಾರ್ಖಾನೆಯವರು ತಮ್ಮ ಗುರುತು ಹಾಕುತ್ತಿರಲಿಲ್ಲ, ಹಾಕಿದರೆ ಗಿರಾಕಿಗೆ ಕಾಣದ ಜಾಗದಲ್ಲಿ ಹಾಕುತ್ತಿದ್ದರು. ರೆಕ್ಕೆಯ ಮರಳುಗಡಿಯಾರದ ಚಿತ್ರವಿದ್ದರೆ ಅದು ಲಾಂಜಿನ್ಸ್. ಸೇಂಟ್ ಇಮಿಯೆಯಲ್ಲಿರುವ ಆ ಕಂಪನಿ ತನ್ನ ಹಳೆಯ ದಾಖಲೆ ಪುಸ್ತಕಗಳನ್ನು ಕಾಪಾಡಿಕೊಂಡಿದ್ದು, ಮಿಷನ್ನಿನ ಕ್ರಮಸಂಖ್ಯೆ ಕೊಟ್ಟು ಕೇಳಿದವರಿಗೆ ಮಾಹಿತಿ ಹುಡುಕಿ ಕೊಡುತ್ತದೆ. ‘ಎಫ್‌ಎಚ್‌ಎಫ್’ ಎಂಬ ಅಕ್ಷರಗಳಿದ್ದರೆ ಅದು ಫೊಂಟೆನ್‌ಮೆಲೊನ್ ಕಾರ್ಖಾನೆಯ ಕಚ್ಚಾ ಮಿಷನ್ನು, ಅಂದರೆ ಅಲ್ಲಿಂದ ಕೊಂಡು ಬೇರೆಯವರು ಪೂರ್ತಿಗೊಳಿಸಿದ್ದು. ಪುಟ್ಟ ಶಿಲುಬೆಯ ಪಕ್ಕದಲ್ಲಿ ಅಂಕಿಯಿದ್ದರೆ ಅದು ಸ್ವಿಸ್ ಪೇಟೆಂಟಿನ ಸಂಖ್ಯೆ. ಆ ಸಂಖ್ಯೆಗಳು 1888ರಿಂದ ಆರಂಭವಾದವು. ಪೇಟೆಂಟ್ ದೊರೆತ ವರ್ಷಕ್ಕಿಂತ ಮೊದಲು ಆ ಮಿಷನ್ನು ತಯಾರಾಗಿರಲು ಸಾಧ್ಯವಿಲ್ಲ ಎಂಬಷ್ಟು ಖಚಿತವಾಗುತ್ತದೆ. ಯಾವ ಗುರುತೂ ಇಲ್ಲದಿದ್ದರೂ ನಿರಾಶರಾಗಬೇಡಿ. ಕೀ ಕೊಡುವ ಮತ್ತು ಮುಳ್ಳು ತಿರುಗಿಸುವ ಸನ್ನೆಗಳ ಮೇಲೆ ಕೂರುವ ಉಕ್ಕಿನ ಪಟ್ಟಿಯ ಆಕಾರ ಕಾರ್ಖಾನೆಯಿಂದ ಕಾರ್ಖಾನೆಗೆ ಬೇರೆಯಾಗಿರುತ್ತದೆ, ಬಲ್ಲವರು ಆ ಪಟ್ಟಿಯ ಚಿತ್ರ ನೋಡಿಯೇ ಮಿಷನ್ನನ್ನು ಗುರುತಿಸುತ್ತಾರೆ. ಆದ್ದರಿಂದ ಡಯಲ್ ತೆಗೆಸಿದಾಗ ಆ ಭಾಗದ ಸ್ಪಷ್ಟವಾದ ಫೋಟೋ ತೆಗೆದುಕೊಳ್ಳುವುದನ್ನು ಮರೆಯಬೇಡಿ.

ಡಯಲ್ ತೆಗೆಯುವ ಕೆಲಸವನ್ನು ಮನೆಯಲ್ಲಿ ಮಾಡಬೇಡಿ. ಅದು ತಾಮ್ರದ ತೆಳು ತಗಡಿನ ಮೇಲೆ ಗಾಜಿನ ಪುಡಿಯನ್ನು ಕುಲುಮೆಯಲ್ಲಿ ಕರಗಿಸಿ ಮಾಡಿದ್ದು. ಹಿಂದಿನಿಂದ ಚಾಚಿಕೊಂಡ ಸಣ್ಣ ಕಾಲುಗಳನ್ನು ಮಿಷನ್ನಿನ ಅಂಚಿನ ಸ್ಕ್ರೂಗಳು ಹಿಡಿದಿರುತ್ತವೆ, ಅವುಗಳನ್ನು ಸಡಿಲಿಸದೆ ಎತ್ತಿದರೆ ಡಯಲ್ ಅಲ್ಲಿಯೇ ಸೀಳುತ್ತದೆ. ವ್ಯಾಪಾರಿಯ ಹೆಸರನ್ನು ಸ್ಪಿರಿಟ್ಟಿನಿಂದ ಒರೆಸಲೂ ಬೇಡಿ. ಕೆಲವು ಡಯಲ್ಲುಗಳಲ್ಲಿ ಅಂಕಿಗಳನ್ನು ಮಾತ್ರ ಸುಟ್ಟು, ಹೆಸರನ್ನು ಆಮೇಲೆ ಮೇಲುಮೇಲೆ ಬರೆದಿರುತ್ತಾರೆ. ನನ್ನ ಕೈಯಿಂದಲೇ ಅಂಥ ಒಂದು ಹೆಸರು ಹತ್ತಿಯ ಉಂಡೆಗೆ ಹತ್ತಿಕೊಂಡು ಬಂದಿತ್ತು. ಅದನ್ನು ನಂಬಿ ಕೊಟ್ಟಿದ್ದವರಿಗೆ ವಿಷಯ ಹೇಳಲು ಎರಡು ದಿನ ಬೇಕಾಯಿತು.

ವ್ಯಾಪಾರಿಯನ್ನು ಹುಡುಕುವ ದಾರಿ ಬೇರೆ. ಕಲ್ಕತ್ತೆಯ ಥ್ಯಾಕರ್ಸ್ ಡೈರೆಕ್ಟರಿ, ಮದ್ರಾಸಿನ ಆಸೈಲಂ ಪ್ರೆಸ್ ಆಲ್ಮನ್ಯಾಕ್ ಇವುಗಳಲ್ಲಿ ವ್ಯಾಪಾರಿಗಳ ಹೆಸರುಗಳನ್ನು ವರ್ಷವರ್ಷವೂ ಅಚ್ಚು ಹಾಕುತ್ತಿದ್ದರು. ಕೆಲವು ಸಂಪುಟಗಳು ಈಗ ಅಂತರಜಾಲದಲ್ಲಿಯೂ ಓದಲು ಸಿಗುತ್ತವೆ. ನಿಮ್ಮ ವ್ಯಾಪಾರಿ ಯಾವ ವರ್ಷದ ಪುಸ್ತಕದಲ್ಲಿ ಮೊದಲು ಕಾಣಿಸಿಕೊಂಡು ಯಾವ ವರ್ಷದಲ್ಲಿ ಮರೆಯಾಗುತ್ತಾರೆ ಎಂಬುದನ್ನು ಗುರುತು ಹಾಕಿಕೊಂಡರೆ ಮೇಲೆ ಹೇಳಿದ ಜಮೀನು ಒಂದೇಟಿಗೆ ಅಂಗಳದಷ್ಟಾಗಬಹುದು.

ಈಗ ಕೇಸಿನ ಮಾತು. ನಿಮ್ಮ ಪತ್ರದಲ್ಲಿ ನೀವು ಅಷ್ಟಾಗಿ ಮಹತ್ವ ಕೊಡದ ಒಂದು ಸಂಗತಿಯೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಕಡ್ಡಿ 3ರ ಬದಿಗಿದ್ದು ಸೆಕೆಂಡಿನ ವೃತ್ತ 6ರಲ್ಲಿದ್ದರೆ ಆ ಮಿಷನ್ನು ಮುಚ್ಚಳವಿರುವ, ‘ಹಂಟರ್’ ಎಂದು ಕರೆಯುವ ಕೇಸಿಗಾಗಿ ಮಾಡಿದ್ದು. ಮುಚ್ಚಳವಿಲ್ಲದ ಗಡಿಯಾರದಲ್ಲಿ ಕಡ್ಡಿ 12ರ ತಲೆಯ ಮೇಲೆ, ಸೆಕೆಂಡಿನ ವೃತ್ತಕ್ಕೆ ನೇರ ಎದುರಿಗೆ ಇರುತ್ತದೆ. ಎಂದರೆ ನಿಮ್ಮ ಮುತ್ತಜ್ಜನವರು ಕಡ್ಡಿಯ ತುದಿಯ ಗುಂಡಿ ಒತ್ತಿ ಮುಚ್ಚಳ ಹಾರಿಸಿ ಹೊತ್ತು ನೋಡುತ್ತಿದ್ದವರು. ಮನೆಯಲ್ಲಿ ಹಿರಿಯರು ಯಾರಾದರೂ ಇದ್ದರೆ ಕೇಳಿ ನೋಡಿ, ಟಪ್ಪೆಂದು ಮುಚ್ಚಿಕೊಳ್ಳುವ ಆ ಸದ್ದು ಯಾರಿಗಾದರೂ ನೆನಪಿದ್ದೀತು. ಹಾಸನದವರು ತೋರಿಸಿದ ಹೊಸ ಕೇಸು ಮುಚ್ಚಳವಿಲ್ಲದ್ದಾಗಿದ್ದರೆ, ಅಂಚು ಉಜ್ಜಿ ಕೂರಿಸಿದರೂ ಗುಂಡಿಯನ್ನು ಮೇಲಕ್ಕೆ ಹಿಡಿದಾಗ 12 ಎಡಕ್ಕೆ ವಾಲಿ ಮಲಗಿರುತ್ತದೆ.

ಎರಡನೆಯದು ಅಳತೆ. ಸ್ವಿಸ್ ಮಿಷನ್ನುಗಳನ್ನು ‘ಲೀನ್’ ಎಂಬ ಹಳೆಯ ಫ್ರೆಂಚ್ ಅಳತೆಯಲ್ಲಿ ಎಣಿಸುತ್ತಾರೆ. ಒಂದು ಲೀನ್ ಎಂದರೆ 2.256 ಮಿ.ಮೀ., 19 ಲೀನ್ ಎಂದರೆ 42.86 ಮಿ.ಮೀ. ಅಮೆರಿಕದ 16 ಸೈಜಿನ ಮಿಷನ್ನು 43.18 ಮಿ.ಮೀ. ಇವೆರಡರ ನಡುವಿನ ವ್ಯತ್ಯಾಸ ಸ್ಕೇಲಿಗೆ ತಿಳಿಯುವುದಿಲ್ಲ. ಆದ್ದರಿಂದ ವರ್ನಿಯರ್ ಕ್ಯಾಲಿಪರ್‌ನಿಂದ, ಡಯಲ್ಲನ್ನಲ್ಲ, ಅದರ ಕೆಳಗಿರುವ ಪ್ಲೇಟಿನ ಅತಿ ಅಗಲವಾದ ಭಾಗವನ್ನು ಅಳೆಸಿ, ಜೊತೆಗೆ ಒಟ್ಟು ದಪ್ಪವನ್ನೂ ಬರೆದಿಟ್ಟುಕೊಳ್ಳಿ. ಅಳತೆ ಹೊಂದುವಂತೆ ಕಂಡಿತೆಂದು ಅಮೆರಿಕದ ಕೇಸನ್ನು ಕೊಂಡುಬಿಡಬೇಡಿ, ಅದರ ಕಾರಣವನ್ನು ಕೆಳಗಿನ ಉತ್ತರದಲ್ಲಿ ಹೇಳಿದ್ದೇನೆ.

ಮೂರನೆಯದು, ಕಡ್ಡಿಯ ಪಕ್ಕದಲ್ಲಿ ನೀವು ಕಂಡ ಆ ಮೊಳೆಯಂಥ ತುದಿ. ಅದನ್ನು ಉಗುರಿನಿಂದ ಒತ್ತಿ ಹಿಡಿದು ಗುಂಡಿ ತಿರುಗಿಸಿದರೆ ಮುಳ್ಳುಗಳು ಸರಿಯುತ್ತವೆ. ಅದನ್ನು ಹೊರಗಿನಿಂದ ಒತ್ತಲು ಕೇಸಿನ ಪಕ್ಕದಲ್ಲಿ ಒಂದು ಪುಟ್ಟ ಗುಬುಟು ಇರಬೇಕು, ಅದು ಗುಂಡಿಯ ಸರಿಯಾದ ಬದಿಯಲ್ಲಿ, ಸರಿಯಾದ ದೂರದಲ್ಲಿ ಇರಬೇಕು. ಈ ಮೂರೂ ಕೂಡಿ ಬರುವ ಖಾಲಿ ಕೇಸು ಸುಲಭಕ್ಕೆ ಸಿಗುವುದಿಲ್ಲ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹೆಚ್ಚಾಗಿ ಸಿಗುವುದು, ಒಳಗಿನ ಮಿಷನ್ನು ತುಕ್ಕು ಹಿಡಿದು ಸತ್ತುಹೋದ, ಅದೇ ಕಾರ್ಖಾನೆಯ ಇಡೀ ಗಡಿಯಾರ. ಡಯಲ್ಲಿನ ಕೆಳಗಿನ ಗುರುತನ್ನು ಮೊದಲು ಹುಡುಕಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಕಾರ್ಖಾನೆ ಯಾವುದೆಂದು ತಿಳಿದರೆ ಯಾವ ಹಾಳು ಗಡಿಯಾರವನ್ನು ಕೊಳ್ಳಬೇಕೆಂಬುದೂ ತಿಳಿಯುತ್ತದೆ.

ಬೆಳ್ಳಿಯದೇ ಬೇಕೆಂದಿದ್ದರೆ ಒಳಮುಚ್ಚಳವನ್ನು ಭೂತಗನ್ನಡಿಯಲ್ಲಿ ನೋಡಿ. 1934ಕ್ಕಿಂತ ಹಿಂದಿನ ಸ್ವಿಸ್ ಕೇಸುಗಳಲ್ಲಿ ಒಂದು ಕಾಡುಕೋಳಿಯಂಥ ಹಕ್ಕಿಯ ಮುದ್ರೆಯಿದ್ದರೆ ಸಾವಿರಕ್ಕೆ 800 ಭಾಗ ಬೆಳ್ಳಿ, ಕರಡಿಯ ಮುದ್ರೆಯಿದ್ದರೆ ಅದಕ್ಕಿಂತ ಶುದ್ಧವಾದದ್ದು. ಮಿಷನ್ನನ್ನು ಕೇಸಿಗೆ ಬಿಗಿಯುವ ಅರ್ಧ ತಲೆಯ ಸ್ಕ್ರೂಗಳು ಒಳ ಅಂಚಿನಲ್ಲಿ ಕಮಾನಿನಂಥ ಗೀರು ಬಿಟ್ಟಿರುತ್ತವೆ. ಅಂಥ ಗೀರುಗಳು ಎರಡು ಬೇರೆ ಬೇರೆ ಜಾಗದಲ್ಲಿದ್ದರೆ ಆ ಕೇಸಿನಲ್ಲಿ ಹಿಂದೆಯೂ ಒಮ್ಮೆ ಮಿಷನ್ನು ಬದಲಾಗಿದೆ ಎಂದು ತಿಳಿಯಿರಿ. ಅದೇನೂ ದೊಡ್ಡ ದೋಷವಲ್ಲ, ಬೆಲೆ ಕೇಳುವಾಗ ನೆನಪಿರಲಿ ಅಷ್ಟೆ.

ಕೂರಿಸುವ ದಿನ ನೀವೂ ಪಕ್ಕದಲ್ಲಿ ಕುಳಿತು ನೋಡಿ. ಮೊದಲು ಸ್ಪ್ರಿಂಗಿನಲ್ಲಿ ಉಳಿದಿರುವ ಕೀಯನ್ನು ಇಳಿಸಬೇಕು. ಗುಂಡಿಯನ್ನು ಬೆರಳುಗಳಲ್ಲಿ ಬಿಗಿಹಿಡಿದು, ಸ್ಪ್ರಿಂಗು ಬಿಚ್ಚಿಕೊಳ್ಳದಂತೆ ತಡೆಯುವ ಕೊಕ್ಕೆಯನ್ನು ಸರಿಸಿ, ಗುಂಡಿ ಬೆರಳುಗಳ ನಡುವೆ ನಿಧಾನವಾಗಿ ಹಿಂದಕ್ಕೆ ಜಾರಲು ಬಿಡುತ್ತಾರೆ. ಆಮೇಲೆ ಕಡ್ಡಿಯನ್ನು ಹಿಡಿದಿರುವ ಸಣ್ಣ ಸ್ಕ್ರೂವನ್ನು ಒಂದೆರಡು ಸುತ್ತು ಮಾತ್ರ ಸಡಿಲಿಸಿ ಕಡ್ಡಿಯನ್ನು ಎಳೆದುಕೊಳ್ಳುತ್ತಾರೆ. ಪೂರ್ತಿ ಬಿಚ್ಚಿದರೆ ಒಳಗಿನ ಸನ್ನೆ ಕಳಚಿ ಬಿದ್ದು ಡಯಲ್ಲನ್ನು ಮತ್ತೆ ತೆಗೆಯಬೇಕಾಗುತ್ತದೆ. ಈ ಎರಡು ಕೆಲಸಗಳನ್ನು ಅವಸರವಿಲ್ಲದೆ ಮಾಡುವವರ ಕೈಗೆ ಉಳಿದದ್ದನ್ನೂ ಒಪ್ಪಿಸಬಹುದು. ಕೊನೆಗೆ, ಕೇಸು ಬೇರೆಯದು, ಇಂಥ ವರ್ಷ ಕೂಡಿಸಿದ್ದು ಎಂದು ಒಂದು ಚೀಟಿ ಬರೆದು ಆ ರಟ್ಟಿನ ಡಬ್ಬಿಯಲ್ಲಿಡಿ. ನಿಮ್ಮ ಮೊಮ್ಮಕ್ಕಳು ಅದನ್ನು ಮುತ್ತಜ್ಜನ ಕೇಸೆಂದೇ ತಿಳಿಯುವುದು ಬೇಡ.

ಅಲ್ಲಿಯವರೆಗೆ ಮಿಷನ್ನನ್ನು ಹತ್ತಿಯಿಂದ ಹೊರಗೆ ತೆಗೆಯಿರಿ. ಹತ್ತಿಯ ಎಳೆ ಚಕ್ರದ ಅಚ್ಚಿಗೆ ಸುತ್ತಿಕೊಳ್ಳುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ತೇವವನ್ನೂ ಹಿಡಿದಿಡುತ್ತದೆ. ಬಿಗಿ ಮುಚ್ಚಳದ ಸಣ್ಣ ಡಬ್ಬಿಯಲ್ಲಿ ಅಲುಗಾಡದಂತೆ ಕೂರಿಸಿ, ಸಿಲಿಕಾ ಜೆಲ್‌ನ ಒಂದು ಪೊಟ್ಟಣ ಹಾಕಿಡಿ. ಓಡುತ್ತದೆಯೇ ನೋಡೋಣವೆಂದು ತೆಂಗಿನೆಣ್ಣೆಯನ್ನಾಗಲಿ ಹೊಲಿಗೆ ಯಂತ್ರದ ಎಣ್ಣೆಯನ್ನಾಗಲಿ ಬಿಡಬೇಡಿ. ಗಡಿಯಾರದ ವೇಗವನ್ನು ಹಿಡಿತದಲ್ಲಿಡುವ ಕೂದಲೆಳೆಯಂಥ ಹೇರ್‌ಸ್ಪ್ರಿಂಗಿಗೆ ಎಣ್ಣೆ ತಗುಲಿದರೆ ಸುರುಳಿಗಳು ಒಂದಕ್ಕೊಂದು ಅಂಟಿ ಗಡಿಯಾರ ಹುಚ್ಚುಹಿಡಿದಂತೆ ಮುಂದೆ ಓಡುತ್ತದೆ.

ಪ್ರಶ್ನೆ: ಸಕಲೇಶಪುರದಲ್ಲಿ ಹಳೆಯ ಸಾಮಾನಿನ ಜೊತೆ ಅಮೆರಿಕದ ವಾಲ್ತಮ್ ಕಂಪನಿಯ ಮಿಷನ್ನು ಸಿಕ್ಕಿತು, ಕೇಸಿಲ್ಲ. ಕೀ ಕೊಡುವ ಕಡ್ಡಿಯೂ ಇಲ್ಲ. ಸಣ್ಣ ಚೌಕದ ಸರಳು ತೂರಿಸಿ ತಿರುಗಿಸಿದರೆ ಕೀ ಏರುವ ಬದಲು ಮುಳ್ಳುಗಳು ತಿರುಗುತ್ತವೆ. ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಅಮೆರಿಕದ ಇಂಥ ಗಡಿಯಾರಗಳಲ್ಲಿ ಕಡ್ಡಿ ಮಿಷನ್ನಿನ ಭಾಗವಲ್ಲ, ಕೇಸಿನ ಕತ್ತಿನೊಳಗೆ ಇರುವಂಥದ್ದು. ಅದು ಒಳಕ್ಕೆ ಒತ್ತಿದಾಗ ಮಾತ್ರ ಕೀ ಏರುತ್ತದೆ, ಒತ್ತಡವಿಲ್ಲದಾಗ ಮಿಷನ್ನು ತಾನಾಗಿ ಮುಳ್ಳು ತಿರುಗಿಸುವ ಸ್ಥಿತಿಯಲ್ಲಿ ನಿಂತಿರುತ್ತದೆ. ತನ್ನದೇ ಕಡ್ಡಿಯಿರುವ ಮೂಡಿಗೆರೆಯವರ ಸ್ವಿಸ್ ಮಿಷನ್ನು ಅಮೆರಿಕದ ಕೇಸಿಗೆ ಹೊಂದದಿರುವುದೂ ಇದರಿಂದಲೇ. ಹೊಸ ಕೇಸು ಹಾಕಿಸಲು ನೀವು ಅಳುಕಬೇಕಾಗಿಲ್ಲ, ಏಕೆಂದರೆ ಅಮೆರಿಕದಲ್ಲಿ ಮಿಷನ್ನು ಮತ್ತು ಕೇಸನ್ನು ಬೇರೆ ಬೇರೆಯಾಗಿ ಮಾರಿ, ಗಿರಾಕಿಯ ಇಷ್ಟದಂತೆ ಅಂಗಡಿಯಲ್ಲಿಯೇ ಕೂಡಿಸಿ ಕೊಡುವುದು ರೂಢಿಯಾಗಿತ್ತು. ವಾಲ್ತಮ್‌ನ ಕ್ರಮಸಂಖ್ಯೆಗಳ ಪಟ್ಟಿ ಸುಲಭವಾಗಿ ಸಿಗುವುದರಿಂದ ಸೈಜು, ಮಾಡೆಲ್, ಸುಮಾರು ವರ್ಷ ಎಲ್ಲವೂ ಅದರಿಂದಲೇ ತಿಳಿಯುತ್ತದೆ. ಡಯಲ್ಲಿನ ಮೇಲಿನದಲ್ಲ, ಹಿಂಬದಿಯ ಪ್ಲೇಟಿನಲ್ಲಿ ಕೆತ್ತಿರುವ ಸಂಖ್ಯೆಯನ್ನು ಬರೆದುಕೊಂಡು ಹುಡುಕಿ, ಕೇಸು ಕೊಳ್ಳುವಾಗ ಅದರ ಕತ್ತಿನಲ್ಲಿ ಕಡ್ಡಿಯೂ ಕಡ್ಡಿಯನ್ನು ಹಿಡಿಯುವ ಕೊಳವೆಯೂ ಇವೆಯೇ ಎಂದು ನೋಡಿಯೇ ಹಣ ಕೊಡಿ.